ತೋರಿದ ಬೆರಳು ಇಳಿಸಬಾರದು

ನೌಕಾದಳಕ್ಕೆ ಸೇರಬೇಕೆಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲೇ ತಿಳಿದಿರಬೇಕಾದ ಒಂದು ಸಂಗತಿ ಇದೆ. ನೀವು ಅಲ್ಲಿ ಏನೇ ಆಗಿ, ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಅದು ಗಣನೆಗೆ ಬರುವುದಿಲ್ಲ. ನಾನು ನಿವೃತ್ತನಾದದ್ದು ಕಮೋಡೋರ್ ಎಂಬ ಹುದ್ದೆಯಲ್ಲಿ. ನಮ್ಮ ಜನ ಆ ಶಬ್ದವನ್ನು ಒಮ್ಮೆ ಬಾಯಲ್ಲಿ ಹಾಕಿ ನೋಡಿದರು, ರುಚಿಸಲಿಲ್ಲ, ಉಗುಳಿದರು. ಅಂದಿನಿಂದ ನಾನು ‘ಕರ್ನಲ್ ಸಾಹೇಬ್ರು’. ಮನೆಗೆ ಹಾಲು ಹಾಕುವ ಮಾಣಿಕಪ್ಪ ಮಾತ್ರ ಗೋಡೆಯ ಮೇಲಿನ ಬಿಳಿ ಸಮವಸ್ತ್ರದ ಫೋಟೋ ನೋಡಿ, ನಾನು ಯಾವುದೋ ದೊಡ್ಡ ಜಂಕ್ಷನ್ನಿನ ಸ್ಟೇಷನ್ ಮಾಸ್ತರ ಆಗಿದ್ದೆನೆಂದು ತೀರ್ಮಾನಿಸಿದ್ದಾನೆ. ಅದನ್ನು ನಾನು ತಿದ್ದಲು ಹೋಗಿಲ್ಲ. ಅದೂ ಒಂದು ಗೌರವದ ಕೆಲಸವೇ.

ಆ ಬಿಳಿ ಸಮವಸ್ತ್ರದಲ್ಲಿ ನಾನು ಮೊದಲ ಸಲ ಊರಿಗೆ ಬಂದ ದಿನವನ್ನು ಇಲ್ಲಿ ಹೇಳಿಬಿಡುತ್ತೇನೆ. ಹುಮನಾಬಾದಿನಲ್ಲಿ ನಮ್ಮ ತಂದೆಯ ಅಡತಿ ಅಂಗಡಿ ಇತ್ತು. ತೊಗರಿ, ಬೆಲ್ಲ, ಕಡಲೆಯ ವ್ಯಾಪಾರ. ಮಗ ಗಾದಿಯ ಮೇಲೆ ಕೂಡದೆ ಹಡಗು ಹತ್ತಿದನಲ್ಲ ಎಂಬ ಅವರ ಕೊರಗನ್ನು ನನ್ನ ಹೊಳೆಯುವ ಗುಂಡಿಗಳು ಕರಗಿಸುತ್ತವೆಂದು ನಾನು ನಂಬಿದ್ದೆ. ಬಸ್ಸಿನಿಂದ ಇಳಿದು ಎದೆಯುಬ್ಬಿಸಿ ನಾಲ್ಕು ಹೆಜ್ಜೆ ನಡೆದಿರಬೇಕು, ರುಮಾಲು ಸುತ್ತಿದ ಹಿರಿಯರೊಬ್ಬರು ಅಡ್ಡ ಬಂದು ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದರು.

“ತಮ್ಮಾ, ಮುಂದಿನ ವಾರ ನಮ್ಮ ಮನ್ಯಾಗ ಲಗ್ನ ಅದ. ಖಾಲಿ ಇದ್ದೀರೇನು? ನೀವು ಒಟ್ಟು ಎಷ್ಟ ಮಂದಿ ಬಾರಸ್ತೀರಿ?”

ದೇಶದ ಕಡಲಗಡಿಯನ್ನು ಕಾಯಲು ಪ್ರಮಾಣವಚನ ಸ್ವೀಕರಿಸಿದ ಅಧಿಕಾರಿಯನ್ನು ಅವರು ಮದುವೆ ಬ್ಯಾಂಡಿನವನೆಂದು ತಿಳಿದಿದ್ದರು. ಅಲ್ಲವೆಂದು ವಿವರಿಸಿದೆ. ಅವರ ಮುಖ ಸಪ್ಪಗಾಯಿತು. ಆಗ ನನಗೂ ಯಾಕೋ, ಬಾರಿಸಲು ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸೇವೆಯಲ್ಲಿದ್ದಷ್ಟು ಕಾಲ ನಾನು ಯಾವುದನ್ನೂ ಉದ್ಘಾಟಿಸಿದವನಲ್ಲ. ನಿವೃತ್ತನಾಗಿ ಬಸವಕಲ್ಯಾಣಕ್ಕೆ ಬಂದು, ಹೆಂಡತಿಯ ತವರಿನ ಓಣಿಯಲ್ಲಿ ಮನೆ ಮಾಡಿದ ಮೇಲೆ ಉದ್ಘಾಟಿಸದೆ ಬಿಟ್ಟದ್ದು ಯಾವುದೂ ಇಲ್ಲ. ಹಿಟ್ಟಿನ ಗಿರಣಿ, ವ್ಯಾಯಾಮಶಾಲೆ, ಶಾಲೆಯ ಗ್ಯಾದರಿಂಗು ಎಲ್ಲ ಆದವು. ಚಿಟಗುಪ್ಪದಲ್ಲಿ ಒಂದು ರಂಗೋಲಿ ಸ್ಪರ್ಧೆಗೆ ತೀರ್ಪುಗಾರನಾದೆ. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಜನ ಒಟ್ಟಿಗೆ ನನ್ನ ಮೇಲೆ ಸಿಟ್ಟಾದದ್ದಿಲ್ಲ. ಹಬ್ಬಗಳ ಮುಂಚೆ ಶಾಂತಿ ಸಮಿತಿ ಸಭೆ ಸೇರುತ್ತದೆ. ಅಲ್ಲಿ ನನ್ನ ಜವಾಬ್ದಾರಿ ಎರಡು ಗುಂಪಿನ ಹಿರಿಯರ ನಡುವಿನ ಕುರ್ಚಿಯಲ್ಲಿ ಕೂತು ಇಬ್ಬರೂ ಕೊಟ್ಟ ಚಹಾ ಕುಡಿಯುವುದು. ನಮ್ಮ ಓಣಿಯ ಗಟಾರ ಕಟ್ಟಿಕೊಂಡಾಗಲೂ ಮೊದಲು ತಟ್ಟುವುದು ನನ್ನ ಬಾಗಿಲನ್ನೇ. “ಸಾಹೇಬ್ರ, ಸಮುದ್ರಾನೇ ಸಂಭಾಳಿಸಿ ಬಂದೀರಿ, ಈ ಗಟಾರ ಏನ್ ದೊಡ್ಡದ್ರಿ ನಿಮಗ?”

ಇಷ್ಟೆಲ್ಲ ಸಾರ್ವಜನಿಕ ಸೇವೆಯಲ್ಲಿ ನಾನು ನಿಜವಾಗಿ ಅಳುಕಿದ್ದು ಒಂದೇ ಸಲ. ಅದನ್ನೇ ಬರೆಯುತ್ತಿದ್ದೇನೆ. ಆ ದಿನ ಒಬ್ಬ ಮುದುಕಿಯ ಎದುರು ಕೂತು ನೌಕರಿಯಲ್ಲಿ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕಾಗಿ ಬಂತು. ಹೀಗಾಗಿ ವೃತ್ತಿಯ ಅನುಭವವೆಂದು ಬೇರೆ ಬರೆಯುವ ಶ್ರಮವೂ ನನಗೆ ಉಳಿಯಿತು.

ಕೊಹಿನೂರು ಹಳ್ಳಿಯ ಕಾಶಿನಾಥ ಒಂದು ಬೆಳಿಗ್ಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತ. ಒಕ್ಕಲುತನದ ಮನುಷ್ಯ. ಅವನ ಮಗಳು ಶಿವಲೀಲಾ ಬೀದರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ನೌಕಾದಳದ ಅಕಾಡೆಮಿಗೆ ಆಯ್ಕೆಯಾಗಿದ್ದಳು. ಅಧಿಕಾರಿಯ ತರಬೇತಿಗೆ. ಈ ಸುದ್ದಿ ಕೇಳಿ ನಾನು ಆಗಲೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

“ಸಾಹೇಬ್ರ, ಒಂದ ಫಜೀತಿ ಆಗ್ಯದ್ರಿ,” ಎಂದ.

“ಏನಾಯಿತು? ಮೆಡಿಕಲ್ಲಿನಲ್ಲಿ ಏನಾದರೂ ಹೇಳಿದರೇನು?”

“ಇಲ್ರಿ, ಆಕಿ ಗಟ್ಟಿ ಇದ್ದಾಳ. ಅಡ್ಡಿ ಆಗಿದ್ದು ನಮ್ಮವ್ವಂದು. ಕಳಸಂಗಿಲ್ಲ ಅಂದ್ರ ಕಳಸಂಗಿಲ್ಲ ಅಂತ ಕುಂತಾಳ. ನಾ ಹೂಂ ಅಂದೀನಿ, ಆಕಿ ತಾಯಿ ಹೂಂ ಅಂದಾಳ. ಖರೆ, ಈ ಹುಡುಗಿ ಏನಂತಾಳ, ಆಯಿ ಹೂಂ ಅನ್ನಲಾರದ ನಾ ಬಸ್ ಹತ್ತಂಗಿಲ್ಲ ಅಂತಾಳ. ಅಜ್ಜಿ-ಮೊಮ್ಮಗಳು ಇಬ್ರೂ ಒಂದ ಮುಷ್ಟಿ ಮಣ್ಣಿನಾಗ ಮಾಡಿದ್ದವು ನೋಡ್ರಿ.”

“ಮತ್ತೆ ನಾನೇನು ಮಾಡಲಿ?”

“ನೀವು ಒಂದಸಲ ಬಂದು ನಮ್ಮವ್ವಗ ಹೇಳ್ರಿ. ಸಮುದ್ರ ಅಂದ್ರ ಏನೂ ಇಲ್ಲ, ನಮ್ಮ ಹೊಲದ ಬಾವಿ ಇದ್ದಂಗ ಅದ ಅಂತ.”

ಹೋದೆ. ಅವನ ಮೋಟರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲಿ, ತೊಗರಿ ಹೊಲಗಳ ನಡುವಿನ ರಸ್ತೆಯಲ್ಲಿ, ದಾರಿಯುದ್ದಕ್ಕೂ ಗಂಭೀರವಾಗಿ ಭಾಷಣ ಹೊಂದಿಸಿಕೊಂಡೆ. ದೇಶಸೇವೆ, ಸ್ತ್ರೀಶಕ್ತಿ, ಅವಕಾಶ. ಗ್ಯಾದರಿಂಗಿನಲ್ಲಿ ಚಪ್ಪಾಳೆ ಬೀಳುವ ಭಾಷಣ ಅದು.

ಮಲ್ಲಮ್ಮ ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತಿದ್ದರು. ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಮೊರ, ಮೊರದಲ್ಲಿ ಶೇಂಗಾ. ಶಿವಲೀಲಾ ಪಕ್ಕದಲ್ಲಿ ಕೂತು ಸಿಪ್ಪೆ ಸುಲಿಯುತ್ತಿದ್ದಳು. ನಾನು ಕೈಮುಗಿದೆ. ಮುದುಕಿ ನನ್ನನ್ನು ಒಂದು ಕ್ಷಣ ನೋಡಿ, ಇಡೀ ತಾಲೂಕಿನಲ್ಲಿ ಯಾರೂ ಕರೆಯದ ಹಾಗೆ ಕರೆದರು.

“ಬಾ ತಮ್ಮಾ, ಕುಂದ್ರು. ಹುಮನಾಬಾದ ಅಡತಿಯವರ ಮಗ ಹೌದಿಲ್ಲೋ ನೀ? ನಿಮ್ಮಪ್ಪ ತೂಕದಾಗ ಬರಾಬರ್ ಇದ್ದ. ನೀ ಮಾತಿನಾಗ ಹ್ಯಾಂಗ ಅದಿ ನೋಡಮು.”

ಭಾಷಣದ ಮೊದಲ ವಾಕ್ಯ ಅಲ್ಲೇ ಮುಳುಗಿತು. ಉಳಿದ ವಾಕ್ಯಗಳೂ ಹಿಂಬಾಲಿಸಿದವು.

“ಸುಳ್ಳ ಹೇಳಬ್ಯಾಡ,” ಎಂದರು. “ಈ ಕಾಶ್ಯಾ ನಿನಗ ದಾರ್‍ಯಾಗ ಬಾವಿ, ಬಾವಿ ಅಂತ ಕಲಿಸಿರಬೇಕು. ಮನಿ ಹುಡುಗ್ರಿಗೆಲ್ಲ ಬಾವ್ಯಾಗ ಈಜು ಕಲಿಸಿದಾಕಿ ನಾನು. ಈಕಿಗೂ ಬೆನ್ನಿಗೆ ಸೋರೆಬುರುಡಿ ಕಟ್ಟಿ, ದಂಡಿಮ್ಯಾಲ ನಿಂತು ನೂಕಿದಾಕಿ ನಾನೇ. ನನಗ ನೀರು ಗೊತ್ತಿಲ್ಲಂತ ತಿಳೀಬ್ಯಾಡ.”

ಬಾವಿಯ ಮಾತು ಬಂದದ್ದೇ ನನಗೆ ಒಂದು ಹಿಡಿಕೆ ಸಿಕ್ಕಿತು. ನಾನೂ ಕಲಿತದ್ದು ಹಾಗೆಯೇ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು, ಹುಮನಾಬಾದಿನ ಹೊರಗಿನ ಒಂದು ತೋಟದ ಬಾವಿಯಲ್ಲಿ. ಅಕಾಡೆಮಿಯಲ್ಲಿ ಮೊದಲ ದಿನ ಈಜುಕೊಳದ ಪರೀಕ್ಷೆ ಇತ್ತು. ಪಟ್ಟಣದ ಹುಡುಗರು ಹಗ್ಗ ಕಟ್ಟಿದ ಸಾಲುಗಳಲ್ಲಿ ಬಾಣದ ಹಾಗೆ ನೇರ ಹೋದರು. ನಾನೂ ಧುಮುಕಿದೆ. ತಲೆ ನೀರಿನೊಳಗೆ ಇಟ್ಟು, ಉಸಿರು ಕಟ್ಟಿ, ಬಲವೆಲ್ಲ ಹಾಕಿ ಕೈ ಬೀಸಿದೆ. ದಂಡೆ ಮುಟ್ಟಿ ತಲೆಯೆತ್ತಿ ನೋಡಿದರೆ ಹೊರಟಲ್ಲಿಗೇ ಬಂದಿದ್ದೆ. ದಾರಿಯಲ್ಲಿ ಹಗ್ಗದಡಿ ನುಸುಳಿ ಇಬ್ಬರನ್ನು ಗುದ್ದಿದ್ದೆನಂತೆ. ತರಬೇತಿ ಕೊಡುತ್ತಿದ್ದ ಹಳೆಯ ನಾವಿಕ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನನ್ನನ್ನು ನೋಡಿದ.

“ನಿನಗೆ ಈಜು ಬರುತ್ತದೆ,” ಎಂದ. “ದಿಕ್ಕು ಬರುವುದಿಲ್ಲ.”

“ಸರ್, ನಮ್ಮ ಬಾವಿ ದುಂಡಗಿತ್ತು,” ಎಂದೆ. ಬಾವಿಯಲ್ಲಿ ನೇರ ಹೋದವನಿಗೆ ಸಿಗುವುದು ಕಲ್ಲು. ಅದಕ್ಕೇ ನಾವೆಲ್ಲ ನಾಲ್ಕು ಕೈ ಹೊಡೆದು ಎಡಕ್ಕೆ ಹೊರಳುತ್ತಿದ್ದೆವು. ಆ ಹೊರಳು ಮೈಯಿಂದ ಹೋಗಲು ಒಂದು ಇಡೀ ತರಬೇತಿ ಹಿಡಿಯಿತು. ಅಂಥವನನ್ನು ಮುಂದೆ ಹಡಗಿನ ದಿಕ್ಕು ತೋರಿಸುವ ಅಧಿಕಾರಿಯನ್ನಾಗಿ ಮಾಡಿದರು ಎಂಬುದು ನೌಕಾದಳದ ಧೈರ್ಯಕ್ಕೆ ಸಾಕ್ಷಿ.

ಶಿವಲೀಲಾ ಬಾಯಿಗೆ ಕೈಯಿಟ್ಟು ನಕ್ಕಳು. ಮುದುಕಿ ನಗಲಿಲ್ಲ, ಆದರೆ ಶೇಂಗಾ ಸುಲಿಯುವ ಕೈ ನಿಂತಿತು.

“ಬಾವಿ ದುಂಡಗಿದ್ರ ನೆಟ್ಟಗ ಹ್ಯಾಂಗ ಹೋಗೂದು? ಅದರಾಗ ನಿಂದೇನ ತಪ್ಪಿಲ್ಲ ಬಿಡು,” ಎಂದರು ನ್ಯಾಯಾಧೀಶರಂತೆ. “ಅಲ್ಲಿ ಲಿಂಗಪೂಜಿ ಹ್ಯಾಂಗ ಮಾಡ್ತಿದ್ದಿ? ನೀರೆಲ್ಲ ಉಪ್ಪಿರ್ತಾವಲ್ಲ?”

ಇದು ನೌಕಾದಳದ ಯಾವ ಆಯ್ಕೆ ಮಂಡಳಿಯೂ ನನಗೆ ಕೇಳಿರದ ಪ್ರಶ್ನೆ. ಹೇಳಿದೆ. ನನ್ನ ಮೊದಲ ಹಡಗಿನಲ್ಲಿ ಸಿಹಿನೀರು ಮಾಡುವ ಯಂತ್ರ ಮುದಿಯಾಗಿತ್ತು. ಅದು ಕೆಟ್ಟಾಗಲೆಲ್ಲ ನೀರು ಅಳೆದು ಕೊಡುತ್ತಿದ್ದರು. ಸ್ನಾನಕ್ಕೆ ಸಮುದ್ರವೇ ಗತಿ. ನಮ್ಮ ಕ್ಯಾಪ್ಟನ್ ಗೋವೆಯವರು, ಭಾನುವಾರ ತಪ್ಪದೆ ತಮ್ಮ ಪ್ರಾರ್ಥನೆ ಮಾಡುವವರು. ನನ್ನ ಕೊರಳಿನ, ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ ನೋಡಿ ಒಮ್ಮೆ ಅದೇನೆಂದು ಕೇಳಿದರು. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅವರಿಗೆ ಎಷ್ಟು ತಿಳಿಯಿತೋ ಕಾಣೆ. ಮರುದಿನದಿಂದ, ನೀರಿನ ಕೊರತೆ ಎಷ್ಟೇ ಇರಲಿ, ಬೆಳಿಗ್ಗೆ ನನ್ನ ಬಾಗಿಲ ಹೊರಗೆ ಮುಚ್ಚಳ ಹಾಕಿದ ಒಂದು ಲೋಟ ಸಿಹಿನೀರು ಇರುತ್ತಿತ್ತು. ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದೇ ಕ್ಯಾಪ್ಟನ್ ಕೆಲಸದಲ್ಲಿ ನನ್ನನ್ನು ದಿನಕ್ಕೆ ಮೂರು ಸಲ ಸಮುದ್ರಕ್ಕೆ ಎಸೆಯುವುದಾಗಿ ಹೇಳುತ್ತಿದ್ದರು. ಒಳ್ಳೆಯ ಮೇಲಧಿಕಾರಿ ಬೈಯುವಾಗ ಎಲ್ಲರಿಗೂ ಕೇಳುವಂತೆ ಬೈಯುತ್ತಾನೆ, ಕಾಳಜಿ ಮಾಡುವಾಗ ಸದ್ದು ಮಾಡುವುದಿಲ್ಲ. ಹೊಸಬರು ಇದನ್ನು ಗುರುತಿಟ್ಟುಕೊಳ್ಳಿ.

“ಬ್ಯಾರೆ ಧರ್ಮದವ, ಖರೆ ತಿಳಕೊಂಡ,” ಎಂದರು ಮಲ್ಲಮ್ಮ. “ಮತ್ತ ರೊಟ್ಟಿ?”

ರೊಟ್ಟಿಯ ಕಥೆ ದಾಮೋದರನ್‌ನದು. ನಾನು ಸ್ವತಃ ಹಡಗಿನ ಕ್ಯಾಪ್ಟನ್ ಆದಾಗ ನಮ್ಮ ಅಡುಗೆಯವ ಅವನು, ಕೇರಳದವ, ಸಣ್ಣ ಮೀಸೆ, ದೊಡ್ಡ ಹಠ. ನನ್ನ ಹೆಂಡತಿ ಪ್ರತಿ ಸಲ ಒಂದು ಚೀಲ ಜೋಳದ ಹಿಟ್ಟು ಕಟ್ಟಿ ಕಳಿಸುತ್ತಿದ್ದಳು. ಅದನ್ನು ಕಂಡ ದಾಮೋದರನ್ ಕ್ಯಾಪ್ಟನ್ನರ ಊರಿನ ರೊಟ್ಟಿ ತಾನೇ ಮಾಡುವೆನೆಂದು ತೊಡೆ ತಟ್ಟಿದ. ಮೊದಲ ದಿನದ ರೊಟ್ಟಿ ತಟ್ಟೆಯಲ್ಲಿಟ್ಟರೆ ಟಣ್ ಎಂದಿತು. ಎರಡನೆಯ ದಿನದ್ದು ಪುಡಿಯಾಗಿ ಬಂತು, ಚಮಚದಲ್ಲಿ ತಿಂದೆ. ಅಲೆ ಜೋರಾದ ದಿನ ಹಡಗು ಒಂದು ಮಗ್ಗುಲಿಗೆ ವಾಲಿದಾಗ ಬೇಯುತ್ತಿದ್ದ ರೊಟ್ಟಿ ಹಂಚಿನಿಂದ ಜಾರಿ ಇಂಜಿನಿಯರ್ ಸಾಹೇಬರ ಸಾಂಬಾರಿಗೆ ಬಿತ್ತು. ಅವರು ಅದನ್ನು ಹಪ್ಪಳವೆಂದು ತಿಳಿದು ತಿಂದು, ಚೆನ್ನಾಗಿದೆ, ಇನ್ನೊಂದು ತಾ ಎಂದರು.

ಈ ಸಲ ಮುದುಕಿ ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡರು. “ಬಿಸಿನೀರಿಲೆ ಹಿಟ್ಟು ಹದ ಮಾಡು ಅಂತ ಹೇಳಬೇಕಿಲ್ಲೇನು ಆ ಹುಡುಗಗ? ಕಡೀಕರ ಕಲತನೋ ಇಲ್ಲೋ?”

“ಕಲಿತ. ಕಡೆಕಡೆಗೆ ನಮ್ಮ ಹೆಂಡತಿಗಿಂತ ತೆಳ್ಳಗೆ ತಟ್ಟುತ್ತಿದ್ದ. ಇದನ್ನು ಮನೆಯಲ್ಲಿ ಹೇಳಿಲ್ಲ.”

ಕಾಶಿನಾಥ ಬಾಗಿಲಲ್ಲಿ ನಿಂತು ನನಗೆ ಕಣ್ಣಿನಲ್ಲೇ ಶಹಬ್ಬಾಸ್ ಕೊಟ್ಟ. ಕೆಲಸ ಆಯಿತೆಂದು ಅವನ ಲೆಕ್ಕ. ನನಗೂ ಹಾಗೇ ಅನ್ನಿಸಿತ್ತು. ಆಗ ಮಲ್ಲಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು.

“ತಮ್ಮಾ, ಇಷ್ಟೊತ್ತು ಹೊಟ್ಟಿದು ಕೇಳ್ದೆ. ಈಗ ಜೀವದ್ದು ಕೇಳ್ತೀನಿ. ಹಡಗದಾಗಿಂದ ಒಬ್ಬರು ನೀರಾಗ ಬಿದ್ರ, ನಿಮ್ಮವರು ಏನ ಮಾಡ್ತಾರ?”

ಅವರ ದನಿ ಬದಲಾಗಿರಲಿಲ್ಲ. ಶಿವಲೀಲಾಳ ತಲೆ ಮಾತ್ರ ತಗ್ಗಿತ್ತು. ಇಡೀ ಮನೆಗೆ ಗೊತ್ತಿದ್ದ ಯಾವುದೋ ಸಂಗತಿ ನನಗೊಬ್ಬನಿಗೆ ಗೊತ್ತಿರಲಿಲ್ಲ.

ನಮ್ಮ ಪದ್ಧತಿ ಹೇಳಿದೆ. ಯಾರಾದರೂ ಬಿದ್ದರೆ ಮೊದಲು ಕಂಡವನು ಕೂಗಬೇಕು. ಕೂಗಿ, ಬಿದ್ದವನ ಕಡೆ ಬೆರಳು ತೋರಿಸಬೇಕು. ತೋರಿಸಿದ ಮೇಲೆ ಕಣ್ಣು ತೆಗೆಯಬಾರದು, ಬೆರಳು ಇಳಿಸಬಾರದು. ನೀರಿನಲ್ಲಿ ಮನುಷ್ಯನ ತಲೆಯೆಂದರೆ ಒಂದು ತೆಂಗಿನಕಾಯಿಯಷ್ಟು. ಅಲೆಯ ಹಿಂದೆ ಒಮ್ಮೆ ಮರೆಯಾದರೆ ಮತ್ತೆ ಹುಡುಕುವುದು ಕಷ್ಟ. ಹಡಗು ತಿರುಗಿ ಬರಬೇಕು, ದೋಣಿ ಇಳಿಯಬೇಕು. ಅದೆಲ್ಲ ಬೇರೆಯವರ ಕೆಲಸ. ಬೆರಳಿನವನಿಗೆ ಬೇರೆ ಕೆಲಸವೇ ಇಲ್ಲ. ಹಡಗು ಯಾವ ಕಡೆ ತಿರುಗಿದರೂ ಅವನ ಬೆರಳು ಬಿದ್ದವನ ಕಡೆಗೇ ತಿರುಗುತ್ತಿರಬೇಕು. ಕ್ಯಾಪ್ಟನ್ ಇಳಿಸು ಎನ್ನುವವರೆಗೂ ಇಳಿಸುವ ಹಾಗಿಲ್ಲ.

“ನೀ ತೋರಿಸಿದ್ದೇನು?”

“ಒಂದು ಸಲ.”

ಅದು ಆ ಗೋವೆಯ ಕ್ಯಾಪ್ಟನ್ನರ ಹಡಗಿನಲ್ಲಿ, ಮಟಮಟ ಮಧ್ಯಾಹ್ನ. ಪಾತ್ರ ಎಂಬ ಒಡಿಶಾದ ನಾವಿಕ ಕಂಬಿಗೆ ಬಣ್ಣ ಬಳಿಯುತ್ತಿದ್ದವ ಕಾಲು ಜಾರಿ ಹೋದ. ಕಂಡವನು ನಾನು. ಕೂಗಿದೆ, ಬೆರಳು ಚಾಚಿದೆ. ಹೊಸ ಅಧಿಕಾರಿಯ ಹುಮ್ಮಸ್ಸಿನಲ್ಲಿ ಬಲಗೈಯಿಂದ ಬೆರಳು ತೋರಿಸುತ್ತ ಎಡಗೈಯಿಂದ ದೋಣಿಯವರಿಗೆ ಆಜ್ಞೆ ಕೊಡಲು ಹೋದೆ. ಕ್ಯಾಪ್ಟನ್ ಹಿಂದಿನಿಂದ ಗುಡುಗಿದರು: “ನೀನು ಈಗ ಅಧಿಕಾರಿ ಅಲ್ಲ! ನೀನು ಬೆರಳು!” ಸರಿ, ನಾನು ಬೆರಳಾದೆ. ಕಣ್ಣು ಉರಿದು ನೀರು ಸುರಿಯಿತು, ಭುಜ ನನ್ನದಲ್ಲವೆನ್ನಿಸಿತು. ಪಾತ್ರ ಸಿಕ್ಕ. ದೋಣಿಯಿಂದ ಮೇಲೆ ಬಂದವನೇ ಹಲ್ಲು ಕಟಕಟ ಎನ್ನಿಸುತ್ತ ಕೇಳಿದ ಮೊದಲ ಮಾತು, “ಸರ್, ನನ್ನ ಬ್ರಶ್ಶು?” ಸರ್ಕಾರಿ ಬ್ರಶ್ಶು ಕಳೆದದ್ದಕ್ಕೆ ತನಗೆ ಶಿಕ್ಷೆಯಾದೀತೆಂದು ಅವನ ಚಿಂತೆ.

ಯಾರೂ ನಗಲಿಲ್ಲ. ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದರು.

“ಎಲ್ಲಾರೂ ಸಿಗ್ತಾರೇನು?”

ಕಾಶಿನಾಥ ಬಾಗಿಲಿನಿಂದ, ಮುದುಕಿಯ ತಲೆಯ ಮೇಲಿಂದ, ನನಗೆ ಜೋರಾಗಿ ತಲೆ ಅಲ್ಲಾಡಿಸಿ ಸೂಚನೆ ಕೊಟ್ಟ: ಹೌದು ಅನ್ರಿ, ಹೌದು ಅನ್ರಿ. ಒಂದು ಶಬ್ದ ಸಾಕಿತ್ತು. ಶಿವಲೀಲಾ ಅಕಾಡೆಮಿಗೆ ಹೊರಡುತ್ತಿದ್ದಳು, ನಾನು ರೊಟ್ಟಿ ಉಂಡು ಮನೆಗೆ ಹೊರಡುತ್ತಿದ್ದೆ. ನಾನು ಶಿವಲೀಲಾಳ ಕಡೆ ನೋಡಿದೆ. ಅವಳು ಸೂಚನೆ ಕೊಡಲಿಲ್ಲ. ನೌಕರಿಗೆ ಹೊರಟವಳು ಅವಳು, ಉತ್ತರ ಅವಳಿಗೂ ಬೇಕಿತ್ತು.

“ಇಲ್ಲ ಯವ್ವಾ,” ಎಂದೆ. “ಎಲ್ಲರೂ ಸಿಗುವುದಿಲ್ಲ. ದಾಮೋದರನ್ ಸಿಗಲಿಲ್ಲ.”

ಮುದುಕಿಯ ಕೈ ಸೆರಗನ್ನು ಹಿಡಿಯಿತು. “ರೊಟ್ಟಿಯವ?”

“ರೊಟ್ಟಿಯವ.”

ಮುಂಗಾರಿನ ಸಮುದ್ರ. ಹಿಂಭಾಗದಲ್ಲಿ ಹಗ್ಗ ಬಿಚ್ಚಿಕೊಂಡಿದ್ದ ಡಬ್ಬಗಳನ್ನು ಕಟ್ಟಲು ಹೋದವರಿಗೆ ಕೈ ಕೊಡಲು ಅವನೂ ಹೋಗಿದ್ದ. ಅದು ಅವನ ಕೆಲಸವಲ್ಲ. ಒಂದು ಅಲೆ ಬಂತು. ಬಲವಿಂದರ್ ಎಂಬ ಹುಡುಗ ಬೆರಳು ತೋರಿಸಿದ. ಹಡಗು ತಿರುಗಿಸಿದೆವು, ಆ ಅಲೆಯಲ್ಲೂ ದೋಣಿ ಇಳಿಸಿದೆವು. ಬೇರೆ ಹಡಗುಗಳು ಬಂದವು, ವಿಮಾನ ಬಂತು. ಹುಡುಕಿದೆವು. ಹುಡುಕುತ್ತಲೇ ಇದ್ದೆವು. ಬಲವಿಂದರನ ಜಾಗಕ್ಕೆ ಬೇರೆಯವನನ್ನು ಕಳಿಸಿದರೆ ಅವನು ಸರಿಯಲಿಲ್ಲ. ಬಂದವನೂ ಅವನ ಪಕ್ಕದಲ್ಲೇ ನಿಂತು ಬೆರಳು ಚಾಚಿದ. ಕೊನೆಗೆ ದಡದಿಂದ ಶೋಧ ನಿಲ್ಲಿಸಿರೆಂದು ಆಜ್ಞೆ ಬಂತು. ಹಡಗಿನ ಕ್ಯಾಪ್ಟನ್ ನಾನು. ಧ್ವನಿವರ್ಧಕದಲ್ಲಿ ಹೇಳಿದರೆ ಮುಗಿಯುತ್ತಿತ್ತು. ಹೇಳಲಿಕ್ಕೆ ಬಾಯಿ ಬರಲಿಲ್ಲ. ಕೆಳಗೆ ಹೋದೆ. ಆ ಹುಡುಗ ಬರಿಯ ನೀರಿಗೆ ಬೆರಳು ಮಾಡಿ ನಿಂತಿದ್ದ. ಅವನ ತೋಳನ್ನು ನನ್ನ ಎರಡೂ ಕೈಯಲ್ಲಿ ಹಿಡಿದು ನಿಧಾನ ಇಳಿಸಿದೆ. ಮರದ ಕೊಂಬೆಯ ಹಾಗೆ ಬಿಗಿದುಹೋಗಿತ್ತು.

ಆಮೇಲೆ ಮನೆಯಿಂದ ಬಂದ ಹಿಟ್ಟಿನ ಚೀಲವನ್ನು ನಾನು ಬಿಚ್ಚಲಿಲ್ಲ. ಇದನ್ನೂ ಮನೆಯಲ್ಲಿ ಹೇಳಿಲ್ಲ.

ಕಾಶಿನಾಥ ಹಣೆಗೆ ಕೈಹಚ್ಚಿ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದ. ತಾನೇ ಮೋಟರ್‌ಸೈಕಲ್ ಮೇಲೆ ಹೊತ್ತು ತಂದ ಮನುಷ್ಯ ಮಗಳ ನೌಕರಿಯನ್ನು ಮುಳುಗಿಸಿದನೆಂದು ಅವನ ಮುಖದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಮಲ್ಲಮ್ಮ ಹಿಡಿದಿದ್ದ ಸೆರಗನ್ನು ಬಿಟ್ಟರು.

“ಕಾಶ್ಯಾನ ಹಿಂದ ಒಬ್ಬ ಇದ್ದ ನನಗ. ರೇವಣ್ಯಾ. ಸಾಲಿಗಿ ಹೋಗೂ ವಯಸ್ಸು. ಮಳಿಗಾಲದಾಗ ಹಳ್ಳ ಬಂದಿತ್ತು. ಹುಡುಗ್ರೆಲ್ಲ ಕೂಡಿ ನೋಡಾಕ ಹೋಗಿದ್ರು. ಇಂವ ಬಿದ್ದ. ಬಿದ್ದ ಕೂಡಲೆ ಎಲ್ಲಾರೂ ಹೆದರಿ ಊರಿನ ಕಡಿ ಓಡಿ ಬಂದ್ರು, ನನ್ನ ಕರೀಲಾಕ. ಒಬ್ಬ ಅಲ್ಲ ತಮ್ಮಾ, ಎಲ್ಲಾರೂ. ಊರಿಗೂರೇ ಹಳ್ಳಕ್ಕ ಬಂದು ನಿಂತು ಎಲ್ಲಿ, ಎಲ್ಲಿ ಅಂತ ಕೇಳ್ತು. ಒಬ್ಬ ಇಲ್ಲಿ ಅಂದ, ಒಬ್ಬ ಅಲ್ಲಿ ಅಂದ. ನೋಡಕೋತ ನಿಂತಾವ ಒಬ್ಬನೂ ಇದ್ದಿಲ್ಲ.”

ಅವರು ಮೊರದಲ್ಲಿದ್ದ ಸಿಪ್ಪೆಯನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿದರು.

“ಹುಡುಗ್ರದು ತಪ್ಪಿಲ್ಲ, ಸಣ್ಣವು. ಆದ್ರ ನಾ ಇವತ್ತಿಗೂ ಅದೇ ಅಂತೀನಿ. ಸಿಗದಿದ್ರ ಸಿಗಲಿಲ್ಲ. ಒಬ್ಬರರ ಅವನ ಕಡಿ ನೋಡಕೋತ ನಿಂದರಬೇಕಿತ್ತು. ತನ್ನ ಬಿಟ್ಟು ಎಲ್ಲಾರೂ ಓಡಿದ್ರಂತ ಅವಗ ಅನಿಸಬಾರದಿತ್ತು.”



ಮುದುಕಿ ಮೊಮ್ಮಗಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡರು. “ಏ ಶಿವಲೀ. ಬ್ಯಾರೆಯವರ ಮಗ ಬಿದ್ರ, ನೀ ಬೆರಳು ಹಿಡದು ನಿಂದರ್ತೀಯೇನು?”

“ನಿಂದರ್ತೀನಿ ಆಯಿ.”

“ಕೈ ಸೋತ್ರ?”

“ಸೋತ್ರೂ.”

“ಓಡಿ ಬರಂಗಿಲ್ಲ?”

“ಬರಂಗಿಲ್ಲ ಆಯಿ.”

“ಹಂಗಾರ ಹೋಗು,” ಎಂದರು ಮಲ್ಲಮ್ಮ. ಮತ್ತೆ ಮೊರ ಮಡಿಲಿಗೆ ಎಳೆದುಕೊಂಡು ಹೊಸ್ತಿಲ ಕಡೆ ತಿರುಗಿದರು. “ಏ ಕಾಶ್ಯಾ, ಹಿಂಗ್ಯಾಕ ಸತ್ತವರ ಮನಿಯಾಗ ಕುಂತಂಗ ಕುಂತಿ? ತಮ್ಮಗ ಊಟಕ್ಕ ಹಾಕಸು. ಬಿಸಿ ರೊಟ್ಟಿ ಮಾಡಂತ ಹೇಳು ಒಳಗ. ಪುಂಡಿಪಲ್ಯ ಅದ.”

ಆ ರೊಟ್ಟಿ ತೆಳ್ಳಗಿತ್ತು. ದಾಮೋದರನ್ ತಟ್ಟುತ್ತಿದ್ದಷ್ಟೇ ತೆಳ್ಳಗೆ. ನಾನು ಎರಡು ಹೆಚ್ಚಿಗೆ ತಿಂದೆ.

ಹೊರಡುವ ಮುಂಚಿನ ದಿನಗಳಲ್ಲಿ ಶಿವಲೀಲಾ ಎರಡು ಮೂರು ಸಲ ನಮ್ಮ ಮನೆಗೆ ಬಂದಳು. ಹೊಸ ಕಾಲದ ಹುಡುಗಿ, ಅವಳ ಪ್ರಶ್ನೆಗಳೂ ಹೊಸವು. ನಮ್ಮ ಕಾಲದಲ್ಲಿ ಹಡಗು ಎಲ್ಲಿದೆಯೆಂದು ತಿಳಿಯಲು ಸಂಜೆಗೆ ನಕ್ಷತ್ರ ಅಳೆಯುತ್ತಿದ್ದೆವು. ಮೋಡವಿದ್ದರೆ ದೇವರ ಮೇಲೆ ಭಾರ ಹಾಕುತ್ತಿದ್ದೆವು. ಈಗ ಅದೆಲ್ಲ ಪರದೆಯ ಮೇಲೆ ತಾನಾಗಿ ಮೂಡುತ್ತದೆ. ಮನೆಯ ಸುದ್ದಿ ನಮಗೆ ಬಂದರಿನಲ್ಲಿ ಕಾದಿರುತ್ತಿತ್ತು, ಹಳಸಿದ ಸುದ್ದಿ. ನನ್ನ ತಂಗಿಯ ಮದುವೆ ಗೊತ್ತಾದದ್ದು, ಮುಗಿದದ್ದು ಎರಡೂ ನನಗೆ ಒಂದೇ ದಿನ ತಿಳಿದವು. ಈಗಿನವರಿಗೆ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದದ್ದೂ ಆಗಿಂದಾಗ್ಗೆ ತಿಳಿಯುತ್ತದೆ. ಅದು ಸುಖವೋ ಕಷ್ಟವೋ ಅವರೇ ಹೇಳಬೇಕು.

“ಮನುಷ್ಯ ಬಿದ್ದ ಜಾಗಾನೂ ಈಗ ಮಶಿನ್‌ದಾಗ ಗುರ್ತ್ ಮಾಡ್ತಾರಂತಲ್ರಿ ಸರ್? ಗುಂಡಿ ಒತ್ತಿದ್ರ ಆಯ್ತಂತ,” ಎಂದು ಕೇಳಿದಳು.

“ಮಾಡುತ್ತಾರೆ.”

“ಮತ್ತ ಬೆರಳು?”

“ಅದನ್ನೂ ತೋರಿಸುತ್ತಾರೆ. ಗುಂಡಿ ಒತ್ತಿದರೆ ಬಿದ್ದ ಜಾಗ ಸಿಗುತ್ತದೆ ತಂಗಿ. ಅಲೆ ಅವನನ್ನು ಆ ಜಾಗದಲ್ಲಿ ಇರಗೊಡಬೇಕಲ್ಲ.” ಸ್ವಲ್ಪ ತಡೆದು, ಹಿರಿಯನಾಗಿ ಕೊಡಬೇಕಾದ ಉಪದೇಶವನ್ನೂ ಕೊಟ್ಟೆ. “ಮತ್ತೆ ಈಜುಕೊಳದಲ್ಲಿ ಎಡಕ್ಕೆ ಹೊರಳಬೇಡ.”

ಹೊರಡುವ ದಿನ ಅವರು ಕೊಹಿನೂರಿನಿಂದ ಹುಮನಾಬಾದಿಗೆ ಬಂದರು. ಅಲ್ಲಿಂದ ಹೈದರಾಬಾದಿನ ಬಸ್ಸು, ಆಮೇಲೆ ರೈಲು. ಕಳಿಸಲು ನಾನೂ ಹೋಗಿದ್ದೆ. ನನ್ನನ್ನು ಬ್ಯಾಂಡಿನವನೆಂದು ಕೇಳಿದ್ದ ಅದೇ ಬಸ್‌ಸ್ಟ್ಯಾಂಡು. ಮಲ್ಲಮ್ಮ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಮೊಣಕಾಲು ನೋವಿನಲ್ಲೂ ಜೀಪು ಮಾಡಿಸಿಕೊಂಡು ಬಂದಿದ್ದರು. ಬುತ್ತಿಯ ಗಂಟನ್ನು ಮೊಮ್ಮಗಳ ಕೈಗೆ ಕೊಟ್ಟರು. ಒಣರೊಟ್ಟಿ, ಶೇಂಗಾ ಹಿಂಡಿ. “ಅಲ್ಲಿ ಅಡಿಗಿ ಮಾಡೋ ಹುಡುಗಗೂ ಒಂದ ಕೊಡು,” ಎಂದರು. ಶಿವಲೀಲಾ ಅಜ್ಜಿಯ ಕಾಲು ಮುಟ್ಟಿ, ನನ್ನ ಕಾಲಿಗೂ ಬಾಗಿ, ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು.

ಬಸ್ಸು ಹೊರಳಿತು. ಎಲ್ಲರೂ ಕೈಬೀಸಿದರು. ಮಲ್ಲಮ್ಮ ಬೀಸಲಿಲ್ಲ. ಬಲಗೈ ಎತ್ತಿ, ತೋರುಬೆರಳು ಚಾಚಿ, ಕಿಟಕಿಯಲ್ಲಿದ್ದ ಮೊಮ್ಮಗಳಿಗೆ ಗುರಿಯಿಟ್ಟು ನಿಂತರು. ಬಸ್ಸು ನಿಲ್ದಾಣದ ಬಾಗಿಲು ದಾಟಿ ಎಡಕ್ಕೆ ತಿರುಗಿತು, ಬೆರಳೂ ತಿರುಗಿತು. ಹೆದ್ದಾರಿಗೆ ಏರಿತು, ಬೆರಳೂ ಏರಿತು. ಒಂದು ಲಾರಿ ಅಡ್ಡ ಬಂತು, ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು. ಬಸ್ಸು ಕಾಣದಾಯಿತು. ಬೆರಳು ಹಾಗೇ ಇತ್ತು.

ಬಾಳೆಹಣ್ಣಿನ ಗಾಡಿಯವನು ಏನು ತೋರಿಸುತ್ತಿದ್ದಾರೆಂದು ಆ ಕಡೆ ಇಣುಕಿ ನೋಡಿದ. ಮುದುಕಿ ಎಡಗೈಯನ್ನು ಬಲ ಮೊಣಕೈಗೆ ಆನಿಕೆಯಾಗಿ ಕೊಟ್ಟರು.

“ಅವ್ವಾ,” ಎಂದ ಕಾಶಿನಾಥ ಮೆಲ್ಲಗೆ. “ಬಸ್ ಹೋತಬೇ. ಕೈ ಇಳಸು.”

ಮಲ್ಲಮ್ಮ ಕಣ್ಣು ಕದಲಿಸಲಿಲ್ಲ.

“ಸುಮ್ಮಕಿರು. ಸಾಹೇಬ್ರು ಇನ್ನಾ ಇಳಸು ಅಂದಿಲ್ಲ.”

ಕಾಶಿನಾಥ ನನ್ನ ಕಡೆ ನೋಡಿದ. ಬಾಳೆಹಣ್ಣಿನವನೂ ನೋಡಿದ. ಬದುಕಿಡೀ ಆಜ್ಞೆ ಕೊಟ್ಟೇ ಅನ್ನ ತಿಂದವನು ನಾನು. ಒಂದು ಶಬ್ದದ ಆಜ್ಞೆ ಅದು. ಹೇಳಲಾಗಲಿಲ್ಲ. ಅವರ ಪಕ್ಕಕ್ಕೆ ಹೋಗಿ ನಿಂತು, ಅವರು ತೋರಿಸುತ್ತ ನಿಂತ ಕಡೆಗೇ ನಾನೂ ನೋಡುತ್ತ ನಿಂತೆ.